ಮೊದಲ ಸಲ ಕೋಳಿ ಸಾಕುತ್ತಿದ್ದೀರಾ? ಗಾಬರಿ ಬೇಡ

ಮರಿಗಳು ಮನೆಗೆ ಬಂದ ಮೊದಲ ರಾತ್ರಿ ನಾನು ಎಷ್ಟು ಸಲ ಎದ್ದು ಪೆಟ್ಟಿಗೆಯೊಳಗೆ ಇಣುಕಿದೆನೋ ಲೆಕ್ಕವಿಲ್ಲ. ನಡುರಾತ್ರಿ ನೋಡಿದಾಗ ಒಂದು ಮರಿ ಕುತ್ತಿಗೆ ಚಾಚಿ, ರೆಕ್ಕೆ ಹರವಿ, ಕಾಲು ನೀಡಿ ಬೋರಲು ಬಿದ್ದಿತ್ತು. ಸತ್ತೇ ಹೋಯಿತೆಂದು ಎದೆ ಧಸಕ್ಕೆಂದಿತು. ಬೆರಳಿನಿಂದ ಮುಟ್ಟಿದ್ದೇ ತಡ, ಚಿಂವ್ ಎಂದು ಎದ್ದು ನಿಂತಿತು. ಮರಿಗಳು ಗಾಢ ನಿದ್ದೆ ಮಾಡುವುದೇ ಹಾಗೆ, ನೆಲಕ್ಕೆ ಅಂಟಿಕೊಂಡಂತೆ.

ಹೊಸದಾಗಿ ಕೋಳಿ ಸಾಕುವವರನ್ನು ಹೆದರಿಸುವ ಸಂಗತಿಗಳಲ್ಲಿ ಹೆಚ್ಚಿನವು ಇಂಥವೇ. ಅವು ಕಾಯಿಲೆಯಲ್ಲ, ಕೋಳಿಯ ದಿನಚರಿ. ಸಹಜವಾದದ್ದು ಯಾವುದೆಂದು ಕಣ್ಣಿಗೆ ರೂಢಿಯಾದರೆ ನಿಜವಾದ ತೊಂದರೆ ತಾನಾಗಿಯೇ ಎದ್ದು ಕಾಣುತ್ತದೆ.

1. ಮೊದಲು ಗೂಡು, ಆಮೇಲೆ ಕೋಳಿ

ಕೋಳಿ ಒಂಟಿಯಾಗಿ ಬಾಳುವ ಹಕ್ಕಿಯಲ್ಲ, ಕನಿಷ್ಠ ಮೂರನ್ನಾದರೂ ಸಾಕಿ. ಮೊಟ್ಟೆಗೆ ಹುಂಜ ಬೇಕಾಗಿಲ್ಲ, ಮರಿ ಮಾಡಿಸುವುದಿದ್ದರೆ ಮಾತ್ರ ಬೇಕು. ಗೂಡಿನೊಳಗೆ ಒಂದು ಕೋಳಿಗೆ 4 ಚದರ ಅಡಿ, ಹೊರಗಿನ ಆವರಣದಲ್ಲಿ 8ರಿಂದ 10 ಚದರ ಅಡಿ ಜಾಗವಿರಲಿ. ರಾತ್ರಿ ಕೂರಲು ನೆಲದಿಂದ ಮೇಲೊಂದು ಅಡ್ಡಗೋಲು, ಗೂಡಿನ ಮೇಲ್ಭಾಗದಲ್ಲಿ ಗಾಳಿಕಿಂಡಿ, ಮೂರು ನಾಲ್ಕು ಹೇಂಟೆಗಳಿಗೆ ಮೊಟ್ಟೆಯಿಡಲು ಒಂದು ಪೆಟ್ಟಿಗೆ.

ಜಾಲರಿಯ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ದೊಡ್ಡ ಕಣ್ಣಿನ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನೋ ಇಲಿಯನ್ನೋ ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು. ಬಾಗಿಲಿಗೆ ಭದ್ರವಾದ ಚಿಲಕ ಹಾಕಿ. ಹಿತ್ತಲ ಕೋಳಿಗಳನ್ನು ಕಳೆದುಕೊಂಡವರ ಕಥೆ ಕೇಳಿದರೆ, ಒಂದು ರಾತ್ರಿ ಮರೆತ ಚಿಲಕದ ಮಾತು ಬಾರದೇ ಇರುವುದಿಲ್ಲ.

2. ಮರಿಗಳ ಮಾತು ಕೇಳಿ

ಮರಿ ಬಂದ ಕೂಡಲೇ ಒಂದೊಂದರ ಕೊಕ್ಕನ್ನೂ ನೀರಿಗೆ ತುಸು ತಾಗಿಸಿ. ಕುಡಿಯುವುದನ್ನು ಕಲಿಯಲು ಅಷ್ಟು ಸಾಕು. ಮೊದಲ ದಿನ ಸರಿಯಾಗಿ ತಿನ್ನಲಿಲ್ಲವೆಂದು ಕಂಗಾಲಾಗಬೇಡಿ. ಮೊಟ್ಟೆಯೊಡೆದು ಬರುವ ಮುನ್ನ ಮರಿ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಅದು ಎರಡು ಮೂರು ದಿನದ ಬುತ್ತಿ.

ಮೊದಲ ವಾರ, ಮರಿಗಳಿಗೆ ಶಾಖ ಕೊಡಲು ಕಟ್ಟಿದ ದೀಪದ ಕೆಳಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿರಲಿ. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಆರು ವಾರದ ಹೊತ್ತಿಗೆ ಪುಕ್ಕ ಬಲಿತು ದೀಪದ ಹಂಗು ತಪ್ಪುತ್ತದೆ. ಥರ್ಮಾಮೀಟರಿಗಿಂತ ನಾನು ನಂಬುವುದು ಮರಿಗಳನ್ನೇ. ದೀಪದಡಿ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ. ಮೂಲೆಗೆ ಸರಿದು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ಮೆಲ್ಲಗೆ ಚಿಂವ್‌ಗುಟ್ಟುತ್ತಿದ್ದರೆ ಶಾಖ ಸರಿಯಾಗಿದೆ, ನೀವೂ ಹೋಗಿ ಮಲಗಬಹುದು. ದೀಪವನ್ನು ಸರಪಳಿಯಿಂದ ಬಿಗಿಯಾಗಿ ಕಟ್ಟಿ, ಕೆಳಗೆ ಹಾಸಿದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಮರಿಯ ಹಿಂಭಾಗಕ್ಕೆ ಹಿಕ್ಕೆ ಮೆತ್ತಿ ಒಣಗಿ ದಾರಿ ಮುಚ್ಚಿಕೊಂಡಿದ್ದರೆ ಬೆಚ್ಚಗಿನ ನೀರಿನ ಹತ್ತಿಯಿಂದ ನೆನೆಸಿ ತೆಗೆಯಿರಿ. ಕಿತ್ತರೆ ಚರ್ಮ ಹರಿಯುತ್ತದೆ. ಮರಿಗಳಿಗೆ ಮರಿಗಳ ಆಹಾರವನ್ನೇ ಕೊಡಿ. ಮೊಟ್ಟೆ ಕೋಳಿಯ ಆಹಾರದಲ್ಲಿರುವ ಹೆಚ್ಚಿನ ಕ್ಯಾಲ್ಸಿಯಂ ಎಳೆಯ ಮೂತ್ರಪಿಂಡಕ್ಕೆ ಹಾನಿ. ಲಸಿಕೆಗಳನ್ನು ಯಾವಾಗ ಹಾಕಿಸಬೇಕೆಂದು ಪಶುವೈದ್ಯರಲ್ಲಿ ಮೊದಲ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

3. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ

ದೊಡ್ಡವಾದ ಮೇಲೆ ಹೊಸ ಗೂಡಿಗೆ ಬಿಟ್ಟಾಗ ಒಂದು ವಾರ ಹೊರಗೆ ಬಿಡದೆ ಒಳಗೇ ಇರಿಸಿ. ಆಮೇಲೆ ಮುಸ್ಸಂಜೆಗೆ ತಾವಾಗಿಯೇ ಬಂದು ಗೂಡು ಸೇರುತ್ತವೆ, ಅಟ್ಟಿಸಿಕೊಂಡು ಓಡಬೇಕಿಲ್ಲ.

ದಿನಕ್ಕೆ ಐದೈದು ನಿಮಿಷದ ಎರಡು ನೋಟ ಸಾಕು. ಬೆಳಿಗ್ಗೆ ಬಾಗಿಲು ತೆರೆದಾಗ ಎಲ್ಲವೂ ನುಗ್ಗಿ ಹೊರಬಂದವೇ, ಯಾವುದಾದರೂ ಹಿಂದೆ ಉಳಿಯಿತೇ ನೋಡಿ. ಸಂಜೆ ಎಣಿಸಿ, ಚಿಲಕ ಹಾಕಿ. ಮೊಟ್ಟೆಯಿಡುವ ಹೇಂಟೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ನೀರು ಮಾತ್ರ ಒಂದು ಹೊತ್ತೂ ತಪ್ಪಬಾರದು.

4. ಇವುಗಳಿಗೆ ಹೆದರಬೇಡಿ

ಕೋಳಿ ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದು, ಕಾಲು ಒದರಿ, ರೆಕ್ಕೆ ಬಡಿದು, ಕಣ್ಣು ಅರೆಮುಚ್ಚಿ ಹೊರಳುತ್ತಿದ್ದರೆ ಫಿಟ್ಸ್ ಬಂದಿಲ್ಲ. ಅದು ಧೂಳಿನ ಸ್ನಾನ, ಪುಕ್ಕದೊಳಗಿನ ಹೇನುಗಳನ್ನು ಹತೋಟಿಯಲ್ಲಿಡುವ ದಾರಿ. ಸ್ವಲ್ಪ ಹೊತ್ತು ನಿಂತು ನೋಡಿ. ಎದ್ದು ಮೈ ಕೊಡವಿದಾಗ ಸುತ್ತ ಧೂಳಿನ ಮೋಡವೇಳುತ್ತದೆ.

ಹಿಕ್ಕೆಯ ತುದಿಯಲ್ಲಿ ಬಿಳಿ ಇರುವುದು ಸಹಜ, ಕೋಳಿಯ ಮೂತ್ರ ಅದೇ. ನಡುನಡುವೆ ಕಂದು ಬಣ್ಣದ, ಅಂಟಾದ, ಮೂಗು ಮುಚ್ಚಿಸುವಂಥ ಹಿಕ್ಕೆಯೂ ಬೀಳುತ್ತದೆ. ಕುರುಡುಗರುಳಿನಿಂದ, ಅಂದರೆ ಒಂದು ತುದಿ ಮುಚ್ಚಿದ ಕರುಳಿನ ಚೀಲದಿಂದ, ಬರುವ ಅದು ಬೇಧಿಯಲ್ಲ.

ವರ್ಷಕ್ಕೊಮ್ಮೆ ಪುಕ್ಕ ಉದುರಿ ಕೋಳಿ ಬೋಳುಬೋಳಾಗುತ್ತದೆ, ಮೊಟ್ಟೆ ಎರಡು ಮೂರು ತಿಂಗಳು ನಿಲ್ಲಬಹುದು. ಹೊಸ ಪುಕ್ಕ ಬರುವಾಗ ಮೈ ನೋಯುವುದರಿಂದ ಮುಟ್ಟಿಸಿಕೊಳ್ಳುವುದಿಲ್ಲ, ಅಷ್ಟೇ. ಮೊದಲ ಮೊಟ್ಟೆಗಳು 18ರಿಂದ 24 ವಾರಕ್ಕೆ ಬರುತ್ತವೆ. ಗೋಲಿಯಷ್ಟು ಚಿಕ್ಕದು, ಚಿಪ್ಪಿಲ್ಲದ ತೊಗಲಿನಂಥದು, ಎರಡು ಹಳದಿಯದು, ಎಲ್ಲವೂ ಆರಂಭದ ತೊದಲು. ಒಂದು ಮೊಟ್ಟೆ ಸಿದ್ಧವಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ 20 ಗಂಟೆಯಷ್ಟು ಚಿಪ್ಪಿಗೇ ಹೋಗುತ್ತದೆ. ದಿನಾ ಒಂದನ್ನು ನಿರೀಕ್ಷಿಸುವುದು ಕೋಳಿಗೆ ಅನ್ಯಾಯ.

ಕೋಳಿಗಳು ಒಂದನ್ನೊಂದು ಕುಕ್ಕುವುದು ಕಂಡು ಮನಸ್ಸಿಗೆ ನೋವಾಗುತ್ತದೆ, ನಿಜ. ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಎಂಬ ಪಾಳಿ ಅದರಿಂದಲೇ ತೀರ್ಮಾನವಾಗುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ತೋರ್ಲೀಫ್ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. ಹುಡುಗನಾಗಿದ್ದಾಗಲೇ ಅವರು ಕೋಳಿಗಳ ಈ ಲೆಕ್ಕಾಚಾರವನ್ನು ಗಮನಿಸುತ್ತಿದ್ದವರು. ಪಾಳಿ ಗೊತ್ತಾದ ಮೇಲೆ ಜಗಳ ತಗ್ಗುತ್ತದೆ. ರಕ್ತ ಕಂಡರೆ ಮಾತ್ರ ಗಾಯಗೊಂಡದ್ದನ್ನು ತಕ್ಷಣ ಬೇರೆ ಇರಿಸಿ, ಕೆಂಪು ಕಂಡ ಕಡೆ ಉಳಿದವು ಕುಕ್ಕುತ್ತಲೇ ಇರುತ್ತವೆ.

5. ಇವುಗಳಿಗೆ ತಡಮಾಡಬೇಡಿ

ಮೈ ಮುದುಡಿ, ಪುಕ್ಕ ಉಬ್ಬಿಸಿ, ಗುಂಪಿನಿಂದ ದೂರ ನಿಂತು ತೂಕಡಿಸುವ ಕೋಳಿ. ಹಿಕ್ಕೆಯಲ್ಲಿ ರಕ್ತ. ಉಸಿರಾಟದಲ್ಲಿ ಗೊರಗೊರ ಸದ್ದು. ಜುಟ್ಟು ನೀಲಿಗಟ್ಟುವುದು. ಬಾಲ ಇಳಿಬಿಟ್ಟು ಗಂಟೆಗಟ್ಟಲೆ ತಿಣುಕಿದರೂ ಮೊಟ್ಟೆ ಬಾರದಿರುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ಪಶುವೈದ್ಯರ ಬಳಿ ಹೋಗಿ. ಕೋಳಿ ಕಾಯಿಲೆಯನ್ನು ಆದಷ್ಟೂ ಬಚ್ಚಿಡುವ ಪ್ರಾಣಿ, ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಲಿತಿರುತ್ತದೆ. ಒಂದರ ಹಿಂದೊಂದು ದಿಢೀರನೆ ಸತ್ತರೆ ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ, ಹಕ್ಕಿಜ್ವರ ಇರಬಹುದು. ಆರೋಗ್ಯವಂತ ಕೋಳಿಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳು ಮುದ್ದಿಸುವಾಗ ಮುಖಕ್ಕೆ ತಾಗಿಸಿಕೊಳ್ಳದಂತೆ ನೋಡಿಕೊಳ್ಳಿ.

6. ಹಿಡಿದು ನೋಡುವುದನ್ನು ಕಲಿಯಿರಿ

ಹಗಲಿನಲ್ಲಿ ಅಟ್ಟಾಡಿಸಿದರೆ ಕೋಳಿಯೂ ದಣಿಯುತ್ತದೆ, ನೀವೂ ದಣಿಯುತ್ತೀರಿ. ಕತ್ತಲಾದ ಮೇಲೆ ಮಂದ ಬೆಳಕಿನ ಟಾರ್ಚ್ ಹಿಡಿದು ಹೋಗಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಕೂತಲ್ಲೇ ಕೂತಿರುತ್ತದೆ. ಎರಡೂ ರೆಕ್ಕೆಗಳ ಮೇಲೆ ಅಂಗೈ ಇಟ್ಟು ಮೆಲ್ಲಗೆ ಎತ್ತಿ, ಕಂಕುಳಿಗೆ ಒತ್ತಿಕೊಂಡು, ಕಾಲುಗಳನ್ನು ಇನ್ನೊಂದು ಅಂಗೈಯಲ್ಲಿ ಹಿಡಿಯಿರಿ. ಎದೆಯ ಮೂಳೆ ಕತ್ತಿಯಂತೆ ಚೂಪಾಗಿದ್ದರೆ ಕೋಳಿ ಸೊರಗಿದೆ. ಹಿಂಭಾಗದ ಪುಕ್ಕ ಸರಿಸಿ ಹೇನು ನೋಡಿ. ಕುತ್ತಿಗೆಯ ಬುಡದಲ್ಲಿ ಕಾಳಿನ ಚೀಲ ಈ ಹೊತ್ತಿಗೆ ತುಂಬಿರಬೇಕು, ಬೆಳಿಗ್ಗೆ ಮತ್ತೆ ಮುಟ್ಟಿದಾಗ ಬರಿದಾಗಿರಬೇಕು. ಎಲ್ಲ ಆದ ಮೇಲೆ ಅದೇ ಕೋಲಿನ ಮೇಲೆ, ಅದರ ಜೊತೆಗಾತಿಯ ಪಕ್ಕದಲ್ಲೇ ಕೂರಿಸಿ, ಕಾಲ್ಬೆರಳುಗಳು ಕೋಲನ್ನು ಹಿಡಿದವೆಂದು ಖಾತ್ರಿಯಾದ ಮೇಲೆ ಕೈಬಿಡಿ.