ಸಣ್ಣ ಆಕ್ಸಿಡೆಂಟ್ ಆಗಿ ಕೈಗೆ ಟಿಕೆಟ್ ಬಂತಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬಂಪರ್ ನೆಗ್ಗಿದೆ, ಯಾರಿಗೂ ಪೆಟ್ಟಾಗಿಲ್ಲ, ಪೊಲೀಸರು ಬಂದು ಇಬ್ಬರ ಮಾತೂ ಕೇಳಿ ನಿಮ್ಮ ಕೈಗೆ ದಂಡದ ಚೀಟಿ ಕೊಟ್ಟು ಹೋಗಿದ್ದಾರೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮನೆಗೆ ಹೋಗಿ, ಫೋನ್ ತೆಗೆದು ದುಡ್ಡು ಕಟ್ಟಿ, ಸದ್ಯ ತಲೆನೋವು ಮುಗೀತು ಅಂದುಕೊಳ್ಳುತ್ತಾರೆ. ದಯವಿಟ್ಟು ಅಷ್ಟು ಅವಸರ ಬೇಡ. ಎಷ್ಟೋ ದೇಶಗಳಲ್ಲಿ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಬರೀ ಪಾರ್ಕಿಂಗ್ ಟಿಕೆಟ್ ಆಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಪಘಾತದ ಬೆನ್ನಿಗೇ ಬಂದ ಚೀಟಿ ಬೇರೆ ಥರ. ನಾಳೆ ಎದುರಿನವರು ರಿಪೇರಿ ದುಡ್ಡು ಕೇಳಿದಾಗ, ಇನ್ಶೂರೆನ್ಸ್ ಕಂಪನಿ ತಪ್ಪು ಯಾರದು ಅಂತ ನೋಡುವಾಗ, ನೀವು ಕಟ್ಟಿದ ಆ ಸಣ್ಣ ಮೊತ್ತ ನಿಮ್ಮ ವಿರುದ್ಧವೇ ಮಾತಾಡಬಹುದು.

ಇನ್ನೂ ಸ್ಥಳದಲ್ಲೇ ಇದ್ದೀರಾ?

ಹಾಗಾದರೆ ಮೊದಲನೆಯದು, ಅಲ್ಲಿಂದ ಹೊರಡಬೇಡಿ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 31ನೇ ವಿಧಿಯೇ ಇದನ್ನು ಹೇಳುತ್ತದೆ: ಅಪಘಾತದಲ್ಲಿ ಸಿಕ್ಕಿದ ಚಾಲಕ ಇನ್ನೊಂದು ಅಪಾಯ ಆಗದ ಹಾಗೆ ಆದಷ್ಟು ಬೇಗ ಗಾಡಿ ನಿಲ್ಲಿಸಬೇಕು, ಎದುರಿನವರು ಕೇಳಿದರೆ ತಾನು ಯಾರೆಂದು ಹೇಳಬೇಕು. ಆ ಒಪ್ಪಂದಕ್ಕೆ ಸೇರದ ಎಷ್ಟೋ ಕಡೆಯೂ ನಿಯಮ ಹೆಚ್ಚೂಕಡಿಮೆ ಇದೇ. ಸಣ್ಣ ಗೀರು ತಾನೇ ಅಂತ ಹೊರಟುಬಿಟ್ಟರೆ, ಮೂಲ ತಪ್ಪಿಗಿಂತ ಓಡಿಹೋದ ತಪ್ಪೇ ದೊಡ್ಡದಾಗುತ್ತದೆ.

ಎರಡನೆಯದು ಮಾತು. ಗಾಬರಿಯಲ್ಲಿ "ಅಯ್ಯೋ ನನ್ನದೇ ತಪ್ಪು, ನಾನು ನೋಡಲೇ ಇಲ್ಲ" ಅಂತ ಬಾಯಿಗೆ ಬಂದುಬಿಡುತ್ತದೆ. ಅದನ್ನು ಪೊಲೀಸರು ಹಾಗೇ ಬರೆದುಕೊಂಡರೆ ಮುಂದೆ ಅಳಿಸುವುದು ಬಹಳ ಕಷ್ಟ. ಸುಳ್ಳು ಹೇಳಿ ಎನ್ನುತ್ತಿಲ್ಲ. ಕಂಡದ್ದನ್ನಷ್ಟೇ ಹೇಳಿ: "ಹಸಿರು ದೀಪ ಬಂದ ಮೇಲೆ ಹೊರಟೆ, ಎಡಗಡೆಯಿಂದ ಬಿಳಿ ಕಾರು ಬಂತು, ಬ್ರೇಕ್ ಹಾಕಿದೆ." ಎಷ್ಟು ವೇಗದಲ್ಲಿದ್ದಿರಿ ಎಂದು ಕೇಳಿದಾಗ ಸರಿಯಾಗಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ, ಅಂದಾಜು ಬೇಡ.

ಚೀಟಿಗೆ ಸಹಿ ಹಾಕಲು ಹೇಳಿದರೆ ಸಹಿಯ ಮೇಲಿನ ಸಾಲು ಓದಿ. ಬಹಳ ಕಡೆ ಆ ಸಹಿಗೆ "ಚೀಟಿ ನನಗೆ ತಲುಪಿದೆ" ಅನ್ನುವಷ್ಟೇ ಅರ್ಥ. ಅಂಥಲ್ಲಿ ಸಹಿ ಹಾಕಲ್ಲ ಎಂದು ಜಗಳಕ್ಕೆ ನಿಂತರೆ ಲಾಭವೇನೂ ಇಲ್ಲ. ತಪ್ಪು ಒಪ್ಪಿದ್ದೇನೆ ಎಂದು ಬರೆದಿದ್ದರೆ ಮಾತ್ರ ನಿಂತು ಯೋಚಿಸಿ.

ಫೋಟೋ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಷ್ಟೋ ಜನ ಸೋಲುವುದು. ಎಲ್ಲರೂ ನೆಗ್ಗಿದ ಬಾಗಿಲಿನ ಫೋಟೋ ತೆಗೆಯುತ್ತಾರೆ, ಆ ಬಾಗಿಲು ರಸ್ತೆಯಲ್ಲಿ ಎಲ್ಲಿತ್ತು ಅನ್ನುವುದನ್ನು ಯಾರೂ ತೆಗೆಯುವುದಿಲ್ಲ. ಅಪಾಯ ಇಲ್ಲದಿದ್ದರೆ ಗಾಡಿ ಸರಿಸುವ ಮೊದಲೇ ದೂರದಿಂದ ನಾಲ್ಕೂ ದಿಕ್ಕಿನಲ್ಲಿ ತೆಗೆಯಿರಿ. ಲೇನಿನ ಗೆರೆ, ಚಕ್ರ ತಿರುಗಿರುವ ದಿಕ್ಕು, ಗಾಜಿನ ಚೂರು ಬಿದ್ದ ಜಾಗ, ಟೈರಿನ ಗುರುತು ಎಲ್ಲ ಕಾಣಬೇಕು. ಆಮೇಲೆ ಹತ್ತಿರದಿಂದ. ಕೊನೆಗೆ ನೀವು ಬಂದ ದಾರಿಯಲ್ಲಿ ಸ್ವಲ್ಪ ಹಿಂದೆ ಹೋಗಿ, ಡ್ರೈವರ್ ಸೀಟಿನಲ್ಲಿ ಕೂತಾಗ ಕಣ್ಣು ಎಷ್ಟು ಎತ್ತರಕ್ಕಿರುತ್ತದೋ ಅಷ್ಟೇ ಎತ್ತರದಲ್ಲಿ ಫೋನ್ ಹಿಡಿದು ಒಂದು ತೆಗೆಯಿರಿ. "ನಿಲ್ಲಿ" ಅನ್ನುವ ಫಲಕ ಮರದ ಕೊಂಬೆಯ ಹಿಂದೆ ಅಡಗಿತ್ತು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಈ ಒಂದು ಫೋಟೋ ತೋರಿಸಿದರೆ ಬೇರೆ ಮಾತೇ ಬೇಡ. ಕೊಂಬೆಯನ್ನು ಆಮೇಲೆ ಯಾರಾದರೂ ಕಡಿಯಬಹುದು, ಹಾಗಾಗಿ ಅದೇ ದಿನ ತೆಗೆಯುವುದು ಮುಖ್ಯ.

ಮೂಲ ಫೈಲ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಒಳಗೆ ದಾಖಲಾದ ಸಮಯ ಮತ್ತು ಜಾಗದ ಮಾಹಿತಿಯೂ ಹೋಗುತ್ತದೆ. ಡ್ಯಾಶ್‌ಕ್ಯಾಮ್ (ಕಾರಿನೊಳಗಿಂದ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾ) ಇದ್ದರೆ ಅದರ ಮೆಮೊರಿ ಕಾರ್ಡನ್ನು ಕೂಡಲೇ ತೆಗೆದಿಡಿ, ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಅಕ್ಕಪಕ್ಕದ ಕಟ್ಟಡದ ಕ್ಯಾಮೆರಾಗಳೂ ಹಾಗೇ, ಕೆಲವು ದಿನ ಬಿಟ್ಟು ಹೋಗಿ ಕೇಳಿದರೆ ಏನೂ ಉಳಿದಿರುವುದಿಲ್ಲ. ನೋಡಿದವರು ಯಾರಾದರೂ ಇದ್ದರೆ ಹೆಸರು, ಫೋನ್ ನಂಬರ್ ಕೇಳಿಕೊಳ್ಳಿ.

ಅದೇ ರಾತ್ರಿ ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಕ್ರಮವಾಗಿ ಬರೆದು ದಿನಾಂಕ ಹಾಕಿಡಿ. ಎಲ್ಲಿ ನಿಂತಿದ್ದಿರಿ, ಮಳೆ ಇತ್ತಾ, ಎದುರಿನವರು ಏನಂದರು, ಎಲ್ಲವೂ. ದಂಡದ ವಿರುದ್ಧ ವಾದಿಸಲು ಹೊರಟರೆ, ಅದರ ವಿಚಾರಣೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಈಗ ಚೀಟಿಯನ್ನು ನಿಧಾನವಾಗಿ ಓದಿ

ಮೊದಲು ಕೊನೆಯ ದಿನಾಂಕ ಹುಡುಕಿ, ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಅದು ತಪ್ಪಿದರೆ ದಂಡ ಏರುತ್ತದೆ, ವಾದ ಮಾಡುವ ಅವಕಾಶ ಹೋಗುತ್ತದೆ, ಕೆಲವು ಕಡೆ ಲೈಸೆನ್ಸ್‌ಗೇ ಕುತ್ತು ಬರುತ್ತದೆ. ದುಡ್ಡು ಕಟ್ಟಲು ಮೆಸೇಜ್‌ನಲ್ಲಿ ಲಿಂಕ್ ಬಂದಿದ್ದರೆ ಅದನ್ನು ಒತ್ತಬೇಡಿ, ದಂಡದ ಹೆಸರಿನಲ್ಲಿ ಮೋಸದ ಲಿಂಕ್‌ಗಳು ಬಹಳ ಓಡಾಡುತ್ತವೆ. ಅಧಿಕೃತ ತಾಣವನ್ನು ನೀವೇ ತೆರೆದು ಚೀಟಿಯ ನಂಬರ್ ಹಾಕಿ ನೋಡಿ.

ಆಮೇಲೆ ಯಾವ ಸೆಕ್ಷನ್ ಹಾಕಿದ್ದಾರೆ ನೋಡಿ, ಅದರ ಪೂರ್ತಿ ಪಠ್ಯ ಓದಿ. ನಿಮ್ಮ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ, ಕಾರಿನ ಬಣ್ಣ ತಪ್ಪಾಗಿದೆ ಎಂದು ಕೇಸ್ ಬಿದ್ದುಹೋಗುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಅಂಥವನ್ನು ಸಾಮಾನ್ಯವಾಗಿ ತಿದ್ದಿಬಿಡುತ್ತಾರೆ. ಸೆಕ್ಷನ್ ಏನೇನು ಸಾಬೀತಾಗಬೇಕು ಎನ್ನುತ್ತದೋ ಅದರಲ್ಲಿ ಯಾವುದು ಇಲ್ಲಿ ನಡೆದಿಲ್ಲ ಅನ್ನುವುದೇ ನಿಜವಾದ ವಾದ.

ಒಂದು ಉದಾಹರಣೆ. ಮುಂದಿನ ಕಾರಿಗೆ ಹಿಂದಿನಿಂದ ತಾಗಿದ್ದೀರಿ, "ಅಂತರ ಕಾಯ್ದುಕೊಂಡಿಲ್ಲ" ಎಂದು ಚೀಟಿ. ಹಿಂದಿನಿಂದ ಗುದ್ದಿದವರದೇ ತಪ್ಪು ಅನ್ನುವುದು ಎಲ್ಲರ ಮೊದಲ ಊಹೆ, ಹೆಚ್ಚಿನ ಸಲ ಅದು ಸರಿಯೂ ಹೌದು. ಆದರೆ ಆ ಕಾರು ಪಕ್ಕದ ಲೇನಿನಿಂದ ಸರಕ್ಕನೆ ನಿಮ್ಮ ಮುಂದೆ ನುಗ್ಗಿ ಬ್ರೇಕ್ ಹಾಕಿದ್ದರೆ? ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ನೋಡಿ, ಅರ್ಥವಾಗಿ, ಕಾಲು ಬ್ರೇಕ್ ಮುಟ್ಟುವುದಕ್ಕೇ ಒಂದು ಸೆಕೆಂಡ್ ಹೋದರೆ, ಐದಾರು ಮೀಟರ್ ಜಾಗ ಬಿಟ್ಟು ನುಗ್ಗಿ ನಿಂತ ಕಾರಿಗೆ ತಾಗದೆ ಉಳಿಯುವುದು ಯಾರಿಗೂ ಸಾಧ್ಯವಿಲ್ಲ, ಅಲ್ವಾ? ಅಂತರ ಇತ್ತು, ಅದನ್ನು ಕಸಿದುಕೊಂಡವರು ಅವರು. ಇದಕ್ಕೆ ಸಾಕ್ಷಿ ಬೇಕು. ಡ್ಯಾಶ್‌ಕ್ಯಾಮ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪೆಟ್ಟು ಬಿದ್ದ ಜಾಗ ನೋಡಿ: ಬಂಪರಿನ ಪೂರ್ತಿ ಅಗಲಕ್ಕೆ ತಾಗದೆ ಒಂದು ಮೂಲೆಗೆ ಮಾತ್ರ ಓರೆಯಾಗಿ ತಾಗಿದ್ದರೆ, ಆ ಕಾರು ಇನ್ನೂ ಲೇನ್ ಬದಲಿಸುತ್ತಲೇ ಇತ್ತು ಅನ್ನುವುದಕ್ಕೆ ಅದು ಒಳ್ಳೆಯ ಸೂಚನೆ.

ಕಟ್ಟಬೇಕಾ, ವಾದಿಸಬೇಕಾ?

ತಪ್ಪು ನಿಜವಾಗಿ ನಿಮ್ಮದೇ, ಯಾರಿಗೂ ಪೆಟ್ಟಾಗಿಲ್ಲ, ದಂಡವೂ ಕಡಿಮೆ, ಲೈಸೆನ್ಸ್ ಮೇಲೆ ಗುರುತು ಬೀಳುವುದಿಲ್ಲ ಅಂದರೆ ಕಟ್ಟಿ ಮುಗಿಸುವುದೇ ಸರಿ. ಸುಮ್ನೆ ಹಟಕ್ಕೆ ಓಡಾಡಬೇಡಿ. ಆದರೆ ಕಟ್ಟುವ ಮೊದಲು ಎರಡು ವಿಷಯ ಕೇಳಿ ತಿಳಿದುಕೊಳ್ಳಿ: ದಂಡದ ಬದಲು ಡ್ರೈವಿಂಗ್ ತರಗತಿಗೆ ಹೋದರೆ ಸಾಕಾ, ತಪ್ಪು ಒಪ್ಪದೆ ದಂಡ ಮಾತ್ರ ಕಟ್ಟುವ ದಾರಿ ಇದೆಯಾ. ಕೆಲವು ಕಡೆ ಎರಡೂ ಇವೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಯಾರಿಗಾದರೂ ಗಾಯವಾಗಿದ್ದರೆ, ಡ್ರೈವಿಂಗ್ ನಿಮ್ಮ ಹೊಟ್ಟೆಪಾಡಾಗಿದ್ದರೆ, ಲೈಸೆನ್ಸ್ ಹೋಗುವ ಭಯ ಇದ್ದರೆ ವಕೀಲರನ್ನು ಕಾಣದೆ ಒಂದು ಹೆಜ್ಜೆಯೂ ಇಡಬೇಡಿ. ಕತ್ತಿನ ನೋವು ಎಷ್ಟೋ ಸಲ ಮಾರನೆಯ ದಿನ ಶುರುವಾಗುತ್ತದೆ. "ಯಾರಿಗೂ ಏನೂ ಆಗಿಲ್ಲ" ಎಂದು ಅಂದೇ ಬರೆದುಕೊಡುವುದು ಈ ಕಾರಣಕ್ಕೇ ಒಳ್ಳೆಯದಲ್ಲ.

ಇನ್ಶೂರೆನ್ಸ್ ಕಂಪನಿಗೆ ಮಾತ್ರ ಕಾಯದೆ ತಿಳಿಸಿ. ತಡ ಮಾಡಿದರೆ ಅದನ್ನೇ ನೆಪ ಮಾಡಿ ಕ್ಲೇಮ್ ತಳ್ಳಿಹಾಕಬಹುದು. ಟಿಕೆಟ್ ಬೇರೆ, ಪರಿಹಾರದ ಲೆಕ್ಕ ಬೇರೆ. ಟಿಕೆಟ್ ರದ್ದಾದರೂ ಕಂಪನಿ ತನ್ನದೇ ತನಿಖೆ ಮಾಡಿ ನಿಮ್ಮ ಮೇಲೆ ಅರ್ಧ ತಪ್ಪು ಹೊರಿಸಬಹುದು. ಈ ಮಧ್ಯೆ ಫೇಸ್‌ಬುಕ್‌ನಲ್ಲಿ ಕಥೆ ಬರೆಯಬೇಡಿ.

ವಿಚಾರಣೆಯ ದಿನ

ವಾದಿಸುವುದೆಂದು ತೀರ್ಮಾನಿಸಿದ್ದರೆ ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ, ವಿಚಾರಣೆ ನಡೆಸುವ ಅಧಿಕಾರಿಗೆ ಒಂದು, ಎದುರಿನವರಿಗೆ ಒಂದು, ನಿಮಗೊಂದು ಪ್ರತಿ. ಫೋನಿನಲ್ಲಿ ತೋರಿಸುತ್ತೇನೆ ಅಂದರೆ ಎಷ್ಟೋ ಕಡೆ ನೋಡುವುದಿಲ್ಲ. ಒಂದು ಸರಳ ನಕ್ಷೆ ಬರೆದುಕೊಳ್ಳಿ.

ಪೊಲೀಸರ ಮೇಲೆ ಕೂಗಾಡಬೇಡಿ. ಅವರು ಬಹುಪಾಲು ಗುದ್ದಿದ ಮೇಲೆ ಬಂದವರು, ಗುದ್ದಿದ್ದನ್ನು ಕಣ್ಣಾರೆ ಕಂಡಿರುವುದಿಲ್ಲ. ಪ್ರಶ್ನೆ ಕೇಳಲು ಅವಕಾಶ ಕೊಟ್ಟರೆ ಮೆತ್ತಗೆ ಕೇಳಿ: "ನೀವು ಬಂದಾಗ ಗಾಡಿಗಳು ಎಲ್ಲಿದ್ದವು? ಅಷ್ಟರಲ್ಲಿ ಸರಿಸಿದ್ದರಾ? ಯಾರು ತಪ್ಪು ಮಾಡಿದರೆಂದು ನಿಮಗೆ ಹೇಳಿದವರು ಯಾರು?" ಉತ್ತರ ಬಂದ ಮೇಲೆ ಸುಮ್ಮನಾಗಿ, ಅದಕ್ಕೆ ಮತ್ತೆ ವ್ಯಾಖ್ಯಾನ ಬೇಡ. ನಿಮ್ಮ ಸರದಿ ಬಂದಾಗ ಎರಡು ಮೂರು ನಿಮಿಷದಲ್ಲಿ ನಡೆದ ಕ್ರಮದಲ್ಲೇ ಹೇಳಿ, ಪ್ರತಿ ಮಾತಿಗೂ ಯಾವ ಫೋಟೋ ಎಂದು ತೋರಿಸಿ.

ತೀರ್ಪು ಏನೇ ಬಂದರೂ ಲಿಖಿತ ಪ್ರತಿ ಪಡೆಯಿರಿ. ಸೋತಿದ್ದರೆ ಮೇಲ್ಮನವಿಗೆ ಎಷ್ಟು ದಿನ ಇದೆ ಎಂದು ಅಲ್ಲೇ ಕೇಳಿ, ಆ ಸಮಯ ಬಹಳ ಕಡಿಮೆ ಇರುತ್ತದೆ. ಗೆದ್ದಿದ್ದರೆ ಒಂದು ಪ್ರತಿಯನ್ನು ಇನ್ಶೂರೆನ್ಸ್‌ಗೆ ಕಳಿಸಿ, ಕೆಲವು ವಾರ ಬಿಟ್ಟು ನಿಮ್ಮ ಲೈಸೆನ್ಸ್ ದಾಖಲೆಯನ್ನು ತೆಗೆಸಿ ನೋಡಿ. ರದ್ದಾದ ಟಿಕೆಟ್ ಅಲ್ಲಿ ಇನ್ನೂ ಬಾಕಿ ಎಂದೇ ಕಾಣುತ್ತಿದ್ದರೆ ಆ ಪ್ರತಿ ತೋರಿಸಿ ಸರಿಪಡಿಸಿಕೊಳ್ಳಿ.