ಉಳುಕಿದೆ ಅಂತ ತಿಕ್ಕುವ ಮುನ್ನ

ಆಡುತ್ತಿದ್ದ ಮಗು ಬಿದ್ದು, ಮಣಿಕಟ್ಟು ಹಿಡಿದುಕೊಂಡು ಅಳುತ್ತಾ ಬಂದರೆ ನಾವು ಮೊದಲು ಹೇಳುವುದು 'ಏನಿಲ್ಲ, ಉಳುಕಿದೆ ಅಷ್ಟೇ' ಅಂತ. ದೊಡ್ಡವರಿಗಾದರೆ ಅದು ನಿಜವೂ ಇರಬಹುದು. ಮಕ್ಕಳ ಲೆಕ್ಕ ಬೇರೆ.

ಅವರ ಉದ್ದ ಮೂಳೆಗಳ ತುದಿಯ ಹತ್ತಿರ ಮೆದುಮೂಳೆಯ ಒಂದು ತೆಳು ಪದರ ಇರುತ್ತದೆ. ಇದೇ ಗ್ರೋತ್ ಪ್ಲೇಟ್. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಹುಡುಗಿಯರಲ್ಲಿ ಸುಮಾರು 13ರಿಂದ 15, ಹುಡುಗರಲ್ಲಿ 15ರಿಂದ 17 ವರ್ಷದ ಹೊತ್ತಿಗೆ ಇದು ಗಟ್ಟಿ ಮೂಳೆಯಾಗುತ್ತದೆ. ಅಲ್ಲಿಯವರೆಗೆ ಕೀಲು ಬಿಗಿದಿಡುವ ಲಿಗಮೆಂಟಿಗಿಂತ ಇದೇ ಮೆದು, ಹಾಗಾಗಿ ದೊಡ್ಡವರಿಗೆ ಬರೀ ಉಳುಕಾಗುವ ಪೆಟ್ಟಿಗೆ ಮಕ್ಕಳಲ್ಲಿ ಈ ಪದರವೇ ಬಿರುಕು ಬಿಡಬಹುದು.

ಮೊದಲ ಕೆಲಸ, ಸುಮ್ನಿರುವುದು. ತಿಕ್ಕಬೇಡಿ, ಎಳೆಯಬೇಡಿ, ಸೊಟ್ಟಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ. ಊತ ಏರುವ ಮೊದಲೇ ಉಂಗುರ, ವಾಚು ತೆಗೆಯಿರಿ. ರಟ್ಟು ಇಟ್ಟು, ಕೈ ಹೇಗಿದೆಯೋ ಹಾಗೇ, ಅಲ್ಲಾಡದಂತೆ ಆದರೆ ಬಿಗಿಯಾಗದಂತೆ ಕಟ್ಟಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಮೂಳೆ ಸೊಟ್ಟಗೆ ಕಂಡರೆ ತಿನ್ನಲು, ಕುಡಿಯಲು ಏನೂ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು.

ಬೆರಳು ತಣ್ಣಗಾಗಿ ಬಿಳಿಚಿದ್ದರೆ, ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ ಒಂದು ನಿಮಿಷವೂ ಕಾಯಬಾರದು. ಅಷ್ಟೇನಿಲ್ಲ, ಆದರೆ ಕೀಲಿನ ಪಕ್ಕ ಮೂಳೆ ಮುಟ್ಟಿದರೆ ಕಿರುಚುತ್ತದೆ, ಕಾಲೂರಲು ಒಪ್ಪುವುದಿಲ್ಲ ಅಂದರೂ ಅವತ್ತೇ ತೋರಿಸಿ. ಜರುಗಿದ ಮೂಳೆಯನ್ನು ಮೊದಲ ಕೆಲವು ದಿನಗಳಲ್ಲೇ ಕೂರಿಸಬೇಕು. ವಾರ ಕಳೆದ ಮೇಲೆ ಬಲವಂತ ಮಾಡಿದರೆ ಆ ಪದರಕ್ಕೇ ಪೆಟ್ಟು.

ಈಗ ಎಕ್ಸ್‌ರೇ. ಮೆದುಮೂಳೆ ಅದರಲ್ಲಿ ಕಾಣುವುದೇ ಇಲ್ಲ! ಹಾಗಾಗಿ ಎಕ್ಸ್‌ರೇ ಸರಿಯಾಗಿದ್ದರೂ ಡಾಕ್ಟರು ಪ್ಲಾಸ್ಟರ್ ಹಾಕಿದರೆ 'ಸುಮ್ನೆ ಹಾಕಿದರು' ಅಂದುಕೊಳ್ಳಬೇಡಿ. ನೋವು ಸರಿಯಾಗಿ ಗ್ರೋತ್ ಪ್ಲೇಟ್ ಇರುವ ಜಾಗದಲ್ಲೇ ಇದ್ದರೆ ಮುರಿತ ಎಂದೇ ನೋಡಿಕೊಳ್ಳುವುದು ಜಾಣತನ. ಎರಡು ವಾರದ ಬಳಿಕ ಮತ್ತೆ ಎಕ್ಸ್‌ರೇ ತೆಗೆದರೆ ಹೊಸ ಮೂಳೆ ಕಾಣಿಸಿ ಗುಟ್ಟು ರಟ್ಟಾಗುತ್ತದೆ.

ಚೀಟಿಯಲ್ಲಿ ಸಾಲ್ಟರ್-ಹ್ಯಾರಿಸ್ ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರಬಹುದು. ಕೆನಡಾದ ಇಬ್ಬರು ಡಾಕ್ಟರುಗಳು 1963ರಲ್ಲಿ ಮಾಡಿದ 5 ಬಗೆಯ ವಿಂಗಡಣೆ ಅದು. ಜಾಸ್ತಿ ಆಗುವುದು 2ನೆಯದು. 1 ಮತ್ತು 2 ಸಾಮಾನ್ಯವಾಗಿ ಪ್ಲಾಸ್ಟರಿನಲ್ಲೇ ಕೂಡುತ್ತವೆ. 3 ಮತ್ತು 4ರಲ್ಲಿ ಬಿರುಕು ಕೀಲಿನ ಒಳಮೈಗೇ ಹೋಗಿರುತ್ತದೆ, ಮೂಳೆ ಜರುಗಿದ್ದರೆ ಆಪರೇಷನ್ ಬೇಕಾಗುತ್ತದೆ. 5ನೆಯದು ಅಪರೂಪ. ಪದರ ಜಜ್ಜಿಹೋಗಿರುತ್ತದೆ, ಎಷ್ಟೋ ಸಲ ಗೊತ್ತಾಗುವುದು ಬೆಳವಣಿಗೆ ನಿಂತ ಮೇಲೆಯೇ.

ಪ್ಲಾಸ್ಟರ್ ಬಹುತೇಕ 3ರಿಂದ 6 ವಾರದಲ್ಲಿ ಬಿಚ್ಚುತ್ತಾರೆ. ಮಗು ಓಡಾಡುತ್ತದೆ, ನಾವು ಮರೆಯುತ್ತೇವೆ. ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲೇ. ಪೆಟ್ಟಾದ ಪದರದ ಅಡ್ಡಕ್ಕೆ ಮೂಳೆ ಬೆಳೆದು ಸೇತುವೆ ಕಟ್ಟಿದರೆ ಕೈಕಾಲು ಗಿಡ್ಡವಾಗಬಹುದು. ಒಂದೇ ಪಕ್ಕ ಕಟ್ಟಿದರೆ ಸೊಟ್ಟಗಾಗಬಹುದು. ಮಣಿಕಟ್ಟಿನಲ್ಲಿ ಈ ಭಯ ಕಡಿಮೆ. ಮಂಡಿಯ ಮೇಲ್ಭಾಗದಲ್ಲಿ ಜಾಸ್ತಿ, ಯಾಕಂದರೆ ತೊಡೆಮೂಳೆಯ ಬೆಳವಣಿಗೆಯಲ್ಲಿ ಸುಮಾರು 70% ಅಲ್ಲಿಂದಲೇ ಆಗುತ್ತದೆ. ಮಗು ಚಿಕ್ಕದಾದಷ್ಟೂ ಬೆಳೆಯುವುದು ಇನ್ನೂ ಬಾಕಿ ಇರುತ್ತದೆ ಅಲ್ವಾ, ವ್ಯತ್ಯಾಸವೂ ಅಷ್ಟೇ ದೊಡ್ಡದಾಗುತ್ತದೆ.

ಹಾಗಾಗಿ ಬಿಚ್ಚಿದ ದಿನವೇ 'ಮುಂದಿನ ಎಕ್ಸ್‌ರೇ ಯಾವಾಗ?' ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕಡಿಮೆಯೆಂದರೂ ಒಂದು ವರ್ಷ ಈ ಓಡಾಟ ಇರುತ್ತದೆ. ಮೊದಲ ಎಕ್ಸ್‌ರೇ ಎಸೆಯಬೇಡಿ, ಹೋಲಿಸಿ ನೋಡಲು ಅದು ಬೇಕೇ ಬೇಕು.