ಸಕ್ಕರೆ ಕಾರ್ಖಾನೆಯ ಐಡಿ ಫ್ಯಾನಿಗೆ ಸೆನ್ಸರ್ ಕಟ್ಟಿದ ನನ್ನ ಅನುಭವ

ಬಾಯ್ಲರ್‌ನ ಐಡಿ ಫ್ಯಾನ್ ನಿಂತರೆ ಇಡೀ ಸಕ್ಕರೆ ಕಾರ್ಖಾನೆ ನಿಲ್ಲುತ್ತದೆ. ಕುಲುಮೆಯ ಹೊಗೆಯನ್ನು ಎಳೆದು ಚಿಮಣಿಗೆ ತಳ್ಳುವುದು ಅದರ ಕೆಲಸ. ಅದು ಟ್ರಿಪ್ ಆದರೆ ಗಾಳಿ ಊದುವ ಎಫ್‌ಡಿ ಫ್ಯಾನ್ ನಿಲ್ಲಬೇಕು, ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಹಾಕುವುದೂ ನಿಲ್ಲಬೇಕು. ಸ್ಟೀಮ್ ಇಳಿಯುತ್ತದೆ, ಟರ್ಬೈನ್ ಕೂರುತ್ತದೆ, ಗಾಣ ನಿಲ್ಲುತ್ತದೆ. ಹೊರಗೆ ಯಾರ್ಡ್‌ನಲ್ಲಿ ಕಬ್ಬು ತುಂಬಿದ ಟ್ರಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ.

ನಾನು ಮಂಡ್ಯ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ನಮ್ಮಪ್ಪ ಕಬ್ಬು ಬೆಳೆದವರು. ಕಡಿದ ಕಬ್ಬು ಬಿಸಿಲಲ್ಲಿ ಒಂದು ದಿನ ನಿಂತರೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಆ ನಷ್ಟ ಯಾರ ಮನೆಗೆ ಹೋಗುತ್ತದೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೇ ಮೂರು ಸೀಸನ್ ಹಿಂದೆ ಒಂದು ರಾತ್ರಿ ಐಡಿ ಫ್ಯಾನಿನ ಬೇರಿಂಗ್ ಹಿಡಿದುಕೊಂಡಾಗ ನನಗೆ ತುಂಬ ಸಂಕಟವಾಯಿತು. 14 ಗಂಟೆ ನಿಂತೆವು. ಬೆಳಿಗ್ಗೆ ಗೇಟ್ ದಾಟುವಾಗ ಟ್ರಾಕ್ಟರ್ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ ಹುಡುಗರನ್ನು ನೋಡಿದೆ. ಈ ಬೇರಿಂಗ್ ಹಾಳಾಗುತ್ತಿದೆ ಅಂತ ಒಂದು ವಾರ ಮೊದಲೇ ಗೊತ್ತಾಗಿದ್ದರೆ, ತೊಳೆಯಲು ಗಾಣ ನಿಲ್ಲಿಸುವ ದಿನವೇ ಬದಲಾಯಿಸಬಹುದಿತ್ತು. ಕೆಲಸ ಅಲ್ಲಿಂದ ಶುರುವಾಯಿತು.

ದೊಡ್ಡ ಕಂಪನಿಗಳ ಆನ್‌ಲೈನ್ ವೈಬ್ರೇಷನ್ ಸಿಸ್ಟಮ್‌ಗಳಿವೆ, ಚೆನ್ನಾಗಿಯೂ ಇವೆ. ನಮ್ಮ ಬಜೆಟ್‌ಗೆ ಬರಲಿಲ್ಲ. ಹಾಗಾಗಿ ಎಡಿಎಕ್ಸ್‌ಎಲ್345 ಅನ್ನುವ ಪುಟ್ಟ ಕಂಪನ ಸೆನ್ಸರ್, ಅದರ ಲೆಕ್ಕ ಮಾಡಲು ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್, ಉಷ್ಣತೆ ಅಳೆಯಲು ಡಿಎಸ್18ಬಿ20 ಸೆನ್ಸರ್ ತಂದೆ. ಎಲ್ಲ ಸೇರಿದರೂ ಆ ಫ್ಯಾನಿನ ಒಂದು ಬೇರಿಂಗ್ ಬೆಲೆಗಿಂತ ಕಡಿಮೆ.

ಮೊದಲ ಪಾಠ ವೈರಿಂಗ್‌ನಲ್ಲೇ ಸಿಕ್ಕಿತು. ಈ ಸೆನ್ಸರ್ ಸೆಕೆಂಡಿಗೆ 3200 ಸಲ ಅಳೆಯಬಲ್ಲದು. ಆದರೆ ಸೆನ್ಸರನ್ನು ಬೋರ್ಡಿಗೆ ಜೋಡಿಸುವ ಐ2ಸಿ ಅನ್ನುವ ತಂತಿ ವಿಧಾನದಲ್ಲಿ ಅಷ್ಟು ವೇಗ ಹಿಡಿಸುವುದಿಲ್ಲ, 800ಕ್ಕೇ ನಿಲ್ಲಿಸಿಕೊಳ್ಳಬೇಕು. ನಾನು ಐ2ಸಿಯಲ್ಲೇ 3200 ಕೇಳುತ್ತಿದ್ದೆ. ಗ್ರಾಫ್ ಬಿಡಿಸಿ ನೋಡಿದರೆ ಒಂದೇ ಸಂಖ್ಯೆ ಮೂರು ನಾಲ್ಕು ಸಲ ಮತ್ತೆ ಮತ್ತೆ ಬಂದಿತ್ತು. ಅದಕ್ಕಿಂತ ವೇಗದ ಎಸ್‌ಪಿಐ ಜೋಡಣೆಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ, ಮಾಡೆಲ್ (ಡೇಟಾದಿಂದ ಕಲಿತು ಮೆಷಿನ್ ಹೇಗಿದೆ ಅಂತ ಹೇಳುವ ಪ್ರೋಗ್ರಾಂ) ಬರೆಯುವ ಮೊದಲು ಕಚ್ಚಾ ಡೇಟಾವನ್ನು ಕಣ್ಣಿನಿಂದ ನೋಡಿ. ಒಂದು ಸೆಕೆಂಡಿನ ಡೇಟಾ ಸಾಕು, ಹಿಗ್ಗಿಸಿ ನೋಡಿ.

ಎರಡನೆಯದು ಅಂಟಿಸುವ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲೇ ನನಗೆ ಒಂದು ತಿಂಗಳು ಹೋಯಿತು. ಸೆನ್ಸರನ್ನು ಪ್ಲಮರ್ ಬ್ಲಾಕ್ (ಬೇರಿಂಗನ್ನು ಹಿಡಿದಿಡುವ ಹೌಸಿಂಗ್) ಮೇಲೆ ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದ್ದೆ. ಮೊದಲ ವಾರ ಅಳತೆ ಚೆನ್ನಾಗಿ ಬಂತು. ಎರಡನೇ ವಾರದಿಂದ ಕಂಪನ ದಿನೇ ದಿನೇ ಇಳಿಯತೊಡಗಿತು. ಮಾಡೆಲ್ ಪ್ರಕಾರ ಮೆಷಿನ್ ಆರೋಗ್ಯ ಸುಧಾರಿಸುತ್ತಾ ಇತ್ತು! ಓಡುವ ಮೆಷಿನ್ ತಾನಾಗಿ ಸುಧಾರಿಸುವುದಿಲ್ಲ, ಅಲ್ವಾ? ಹೋಗಿ ಬೆರಳಲ್ಲಿ ಮುಟ್ಟಿದೆ. ಬೇರಿಂಗ್ ಬಿಸಿಗೆ ಟೇಪಿನ ಗೋಂದು ಮೆತ್ತಗಾಗಿ, ಸೆನ್ಸರ್ ಜಾರುತ್ತಾ ಕೂತಿತ್ತು. ಮೆತ್ತಗಿನ ಪದರ ನಡುವೆ ಇದ್ದರೆ ವೇಗದ ಕಂಪನಗಳು ಸೆನ್ಸರ್ ತನಕ ತಲುಪುವುದೇ ಇಲ್ಲ. ಬೇರಿಂಗ್ ದೋಷದ ಮೊದಲ ಸುಳಿವು ಇರುವುದು ಆ ವೇಗದ ಕಂಪನಗಳಲ್ಲೇ.

ಆಮೇಲೆ ಹೌಸಿಂಗ್‌ನ ಬಣ್ಣ ಕೆರೆದು, ಸಮ ಮಾಡಿ, ಉಕ್ಕಿನ ಪುಟ್ಟ ಪ್ಯಾಡನ್ನು ಎಪಾಕ್ಸಿಯಲ್ಲಿ ಕೂರಿಸಿ, ಅದಕ್ಕೆ ಸ್ಟಡ್ ಹಾಕಿ ಸೆನ್ಸರ್ ಬಿಗಿದೆ. ಅಲಾರಂ ನಿಯಮದಲ್ಲಿ ಒಂದು ಸಾಲು ಸೇರಿಸಿದೆ: ಕಂಪನ ಕಾರಣವಿಲ್ಲದೆ ಇಳಿದರೂ ಅಲಾರಂ ಹೊಡೆಯಬೇಕು. ಈವರೆಗೆ ಆ ಒಂದು ಸಾಲು ಸಡಿಲವಾದ ಎರಡು ಸೆನ್ಸರ್ ಹಿಡಿದುಕೊಟ್ಟಿದೆ.

ಡೇಟಾ ಸಾಗಿಸುವ ವಿಷಯ ಬೇಗ ಮುಗಿಸುತ್ತೇನೆ. ಬಾಯ್ಲರ್ ಮನೆ ತುಂಬ ಉಕ್ಕು, ವೈಫೈ ಸಿಗುವುದಿಲ್ಲ. ಹಾಗಾಗಿ ಲೋರಾ ಬಳಸಿದೆ, ಸ್ವಲ್ಪವೇ ಡೇಟಾವನ್ನು ದೂರ ಕಳಿಸುವ ರೇಡಿಯೊ ಅದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಮೂರು ದಿಕ್ಕಿನ ಕಂಪನ, ಸೆಕೆಂಡಿಗೆ 3200 ಸಲ, ಒಂದೊಂದಕ್ಕೆ ಎರಡು ಬೈಟ್ ಅಂದರೆ ಸೆಕೆಂಡಿಗೆ 19,200 ಬೈಟ್. ಲೋರಾದಲ್ಲಿ ಅದು ಸಾಧ್ಯವೇ ಇಲ್ಲ. ಅದಕ್ಕೆ ಲೆಕ್ಕವನ್ನೆಲ್ಲ ಇಎಸ್‌ಪಿ32 ಒಳಗೇ ಮಾಡಿ, ಸಾರಾಂಶದ ಹತ್ತಾರು ಸಂಖ್ಯೆಗಳನ್ನು ಮಾತ್ರ ಐದು ನಿಮಿಷಕ್ಕೊಮ್ಮೆ ಕಳಿಸುತ್ತೇನೆ. ಕಚ್ಚಾ ಡೇಟಾ ಎಸ್‌ಡಿ ಕಾರ್ಡಿನಲ್ಲಿ ಉಳಿಯುತ್ತದೆ.

ಇನ್ನು ಮಾಡೆಲ್. ಎಲ್ಲರಂತೆ ನಾನೂ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಬೇರಿಂಗ್ ಡೇಟಾದಿಂದ ಶುರು ಮಾಡಿದೆ. 2 ಎಚ್‌ಪಿ ಮೋಟರ್, ಬೇಕಂತಲೇ ಸಣ್ಣ ತೂತು ಮಾಡಿದ 6205 ಬೇರಿಂಗ್‌ಗಳು. ಕಲಿಯಲು ಅದು ಬಹಳ ಒಳ್ಳೆಯದು. ನನ್ನ ನ್ಯೂರಲ್ ನೆಟ್‌ವರ್ಕ್ ಅದರ ಮೇಲೆ ನೂರಕ್ಕೆ 99 ಸರಿ ಹೇಳಿತು. ಅದನ್ನೇ ನಮ್ಮ ಫ್ಯಾನಿಗೆ ತಂದಾಗ ಏನೂ ಪ್ರಯೋಜನ ಆಗಲಿಲ್ಲ. ನಮ್ಮ ಬೇರಿಂಗ್ ಬೇರೆ, ಅಡಿಪಾಯ ಬೇರೆ, ವೇಗ ಬೇರೆ. ಜೊತೆಗೆ ನನ್ನದೇ ಒಂದು ತಪ್ಪಿತ್ತು. ಒಂದೇ ರೆಕಾರ್ಡಿಂಗನ್ನು ತುಂಡು ಮಾಡಿ, ಕೆಲವು ತುಂಡು ಕಲಿಕೆಗೆ, ಕೆಲವು ಪರೀಕ್ಷೆಗೆ ಹಾಕಿದ್ದೆ. ಹಾಗೆ ಮಾಡಿದರೆ ಮಾಡೆಲ್ ಆ ಬೇರಿಂಗನ್ನೇ ಗುರುತು ಹಿಡಿಯುತ್ತದೆ, ದೋಷವನ್ನಲ್ಲ.

ಕಾರ್ಖಾನೆಯಲ್ಲಿ ಕೆಟ್ಟ ಡೇಟಾ ಸಿಗುವುದೇ ಕಷ್ಟ. ಒಂದು ಸೀಸನ್‌ನಲ್ಲಿ ಒಂದು ಬೇರಿಂಗ್ ಹೋದರೆ ಜಾಸ್ತಿ. ಅದಕ್ಕೆ ದಾರಿ ಬದಲಾಯಿಸಿದೆ. ಚೆನ್ನಾಗಿ ಓಡುವಾಗ ಮೆಷಿನ್ ಹೇಗಿರುತ್ತದೆ ಅಂತ ಮಾತ್ರ ಕಲಿಸುವುದು, ಅದಕ್ಕಿಂತ ಬೇರೆಯಾಗಿ ಕಂಡರೆ ಹೇಳು ಅನ್ನುವುದು. ಐಸೊಲೇಷನ್ ಫಾರೆಸ್ಟ್ ಅನ್ನುವ ವಿಧಾನ ಇದಕ್ಕೆ ಹೊಂದಿತು. ಗುಂಪಿನಲ್ಲಿರುವ ಒಂದು ಬಿಂದುವನ್ನು ಬೇರೆ ಮಾಡಲು ಹಲವು ಸಲ ಗೆರೆ ಎಳೆಯಬೇಕು. ಒಂಟಿಯಾಗಿ ದೂರ ನಿಂತದ್ದನ್ನು ಎರಡು ಮೂರು ಗೆರೆಯಲ್ಲೇ ಬೇರೆ ಮಾಡಬಹುದು. ಅಷ್ಟು ಸರಳ. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತದೆ.

ಆದರೂ ಮೊದಲ ಹತ್ತು ದಿನ ಅಲಾರಂ ಮೇಲೆ ಅಲಾರಂ. ರಾತ್ರಿ ಪಾಳಿಯವರು ಬೇಸತ್ತು ಬಜರ್ ತಂತಿ ಕಿತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸುಮ್‌ಸುಮ್ನೆ ಕೂಗುವುದನ್ನು ಯಾರು ತಾನೇ ಕೇಳುತ್ತಾರೆ? ಎಸ್‌ಡಿ ಕಾರ್ಡಿನ ಡೇಟಾವನ್ನು ಬಾಯ್ಲರ್ ಲಾಗ್ ಬುಕ್ ಪಕ್ಕ ಇಟ್ಟು ಕೂತೆ. ಅಲಾರಂ ಬಂದ ಹೊತ್ತಿನಲ್ಲೆಲ್ಲ ಬಾಯ್ಲರ್ ಲೋಡ್ ಬದಲಾಗಿತ್ತು. ನಮ್ಮ ಫ್ಯಾನು ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್) ಮೇಲೆ ಓಡುತ್ತದೆ. ಪೂರ್ತಿ ಲೋಡಿನಲ್ಲಿ ನಿಮಿಷಕ್ಕೆ 990 ಸುತ್ತು, ಅಂದರೆ ಸೆಕೆಂಡಿಗೆ 16.5 ಸಲ. ಕಬ್ಬು ಕಡಿಮೆ ಬಂದಾಗ 780ಕ್ಕೆ ಇಳಿಸುತ್ತಾರೆ, ಅಂದರೆ ಸೆಕೆಂಡಿಗೆ 13 ಸಲ. ಆಗ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲದ ಕಂಪನ ಎಷ್ಟು ಜೋರಾಗಿದೆ ಅನ್ನುವ ಗ್ರಾಫಿನಲ್ಲಿ, ತಿರುಗುವ ವೇಗಕ್ಕೆ ಸೇರಿದ ಶಿಖರಗಳೆಲ್ಲ ಜಾಗ ಬಿಟ್ಟು ಎಡಕ್ಕೆ ಸರಿಯುತ್ತವೆ. ಮಾಡೆಲ್‌ಗೆ ಅದು ಹೊಸ ಮೆಷಿನ್ ತರಹ ಕಾಣುತ್ತದೆ.

ವಿಎಫ್‌ಡಿಯಿಂದ ಮಾಡ್‌ಬಸ್ (ಕಾರ್ಖಾನೆಯ ಉಪಕರಣಗಳಿಂದ ಡೇಟಾ ಪಡೆಯುವ ಒಂದು ವಿಧಾನ) ಮೂಲಕ ವೇಗ ಓದಲು ಶುರು ಮಾಡಿದೆ. ಹರ್ಟ್ಸ್ ಲೆಕ್ಕ ಬಿಟ್ಟು, ಶಾಫ್ಟ್ ಒಂದು ಸುತ್ತಿಗೆ ಎಷ್ಟು ಸಲ ಅನ್ನುವ ಲೆಕ್ಕಕ್ಕೆ ಬಂದೆ. ತೂಕ ತಪ್ಪಿದ ಫ್ಯಾನ್ ಯಾವ ವೇಗದಲ್ಲಿ ಓಡಿದರೂ ಪ್ರತಿ ಸುತ್ತಿನಲ್ಲಿ ಒಂದು ಸಲವೇ ಎಳೆಯುತ್ತದೆ. ಬೇರಿಂಗ್‌ನ ಹೊರ ಬಳೆಯಲ್ಲಿ ಗುಂಡಿ ಬಿದ್ದಿದ್ದರೆ, ಪ್ರತಿ ಸುತ್ತಿನಲ್ಲಿ ಎಷ್ಟು ಹೊಡೆತ ಅನ್ನುವುದು ಹೆಚ್ಚು ಕಡಿಮೆ ರೋಲರ್ ಸಂಖ್ಯೆಯ 0.4 ಪಟ್ಟು. ಒಳ ಬಳೆಯಾದರೆ 0.6 ಪಟ್ಟು. 6205ರಲ್ಲಿ 9 ಗುಂಡುಗಳಿವೆ, ಈ ಲೆಕ್ಕಕ್ಕೆ 3.6 ಬರುತ್ತದೆ, ನಿಜವಾದ ಲೆಕ್ಕ 3.585. ನಮ್ಮ ಫ್ಯಾನಿನದು ಎರಡು ಸಾಲು ರೋಲರ್ ಇರುವ 22218 ಸ್ಫೆರಿಕಲ್ ರೋಲರ್ ಬೇರಿಂಗ್. ಹಳೆಯದೊಂದನ್ನು ಗುಜರಿ ರಾಶಿಯಿಂದ ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಸಾಲಿನ ರೋಲರ್ ಎಣಿಸಿದೆ. ವೇಗ ಸೇರಿಸಿದ ಮೇಲೆ ಸುಳ್ಳು ಅಲಾರಂ ವಾರಕ್ಕೆ ಒಂದೋ ಎರಡೋ ಆಯಿತು.

ನಮ್ಮ ಹಿರಿಯ ಫಿಟ್ಟರ್ ಬಗ್ಗೆ ಈಗ ಹೇಳಲೇಬೇಕು. ಉದ್ದನೆಯ ಸ್ಕ್ರೂ ಡ್ರೈವರ್ ತುದಿಯನ್ನು ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. ಅವರ ಹತ್ತಿರ ಪದಗಳಿವೆ. "ಗುಂಯ್ ಅಂತೈತೆ" ಅಂದರೆ ತೂಕ ತಪ್ಪಿದೆ. "ಮರಳು ಅರ್ದಂಗೆ" ಅಂದರೆ ಗ್ರೀಸ್ ಒಣಗಿದೆ. ಕಂಡೆನ್ಸರ್‌ಗೆ ನೀರು ತಳ್ಳುವ ಇಂಜೆಕ್ಷನ್ ಪಂಪಿನ ಹತ್ತಿರ "ಜಲ್ಲಿ ಓಡ್ದಂಗೆ" ಅಂದರೆ ಅದು ಕ್ಯಾವಿಟೇಷನ್, ಹೀರುವ ಕಡೆ ನೀರು ಸಾಲುತ್ತಿಲ್ಲ. ನನ್ನ ಮಾಡೆಲ್ ಏನೋ ಬೇರೆಯಾಗಿದೆ ಅಂತ ಮಾತ್ರ ಹೇಳುತ್ತಿತ್ತು, ಏನು ಅಂತ ಹೇಳುತ್ತಿರಲಿಲ್ಲ. ಅಲಾರಂ ಬಂದಾಗಲೆಲ್ಲ ಅವರನ್ನು ಕರೆದು ಕೇಳಿಸಿ, ಅವರ ಮಾತನ್ನು ಹಾಗೇ ಆ ಹೊತ್ತಿನ ಡೇಟಾ ಪಕ್ಕ ಬರೆದಿಟ್ಟೆ. ಎರಡು ಸೀಸನ್‌ನಲ್ಲಿ 60ಕ್ಕೂ ಜಾಸ್ತಿ ಸಾಲು ಆಗಿದೆ. ನನ್ನ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವುದು ಆ ನೋಟ್‌ಬುಕ್ಕೇ.

ಕಳೆದ ಸೀಸನ್‌ನಲ್ಲಿ ಅದರ ಫಲ ಕಂಡಿತು. ಸುತ್ತಿಗೊಂದು ಎಳೆತದ ಕಂಪನ ಒಂಬತ್ತು ದಿನದಲ್ಲಿ ಸೆಕೆಂಡಿಗೆ 2.1 ಮಿಲಿಮೀಟರ್‌ನಿಂದ 4.3ಕ್ಕೆ ಏರಿತು. ಗಟ್ಟಿ ಅಡಿಪಾಯದ ಇಂಥ ಮಧ್ಯಮ ಗಾತ್ರದ ಮೆಷಿನ್‌ಗಳಿಗೆ ಐಎಸ್‌ಒ 10816 ಮಾನದಂಡದ (ಈಗ ಅದರ ಜಾಗಕ್ಕೆ 20816 ಬಂದಿದೆ) ಪ್ರಕಾರ 2.8 ದಾಟಿದರೆ ಬಹಳ ದಿನ ಓಡಿಸಬಾರದು, 4.5 ದಾಟಿದರೆ ಅಪಾಯ. ನೋಟ್‌ಬುಕ್‌ನಲ್ಲಿ ಇದೇ ಥರದ ಏರಿಕೆಯ ಪಕ್ಕ "ಗುಂಯ್, ಬೂದಿ ಕಟ್ಟೈತೆ" ಅಂತ ಎರಡು ಸಲ ಇತ್ತು. ಬಗಾಸ್ ಬೂದಿ ಇಂಪೆಲ್ಲರ್ ರೆಕ್ಕೆಗೆ ಒಂದು ಕಡೆ ಜಾಸ್ತಿ ಮೆತ್ತಿಕೊಂಡರೆ ತೂಕ ತಪ್ಪುತ್ತದೆ. ವಾರದ ಕ್ಲೀನಿಂಗ್ ದಿನ ಬಾಗಿಲು ತೆಗೆದು ಕೆರೆದರು. ಅಂಗೈ ದಪ್ಪದ ಹೊಪ್ಪಳೆ ಉದುರಿತು. ಮತ್ತೆ ಓಡಿಸಿದಾಗ 1.9.

ಬೇರಿಂಗ್ ದೋಷ ಹಿಡಿದದ್ದು ಅದಾದ ಎರಡು ತಿಂಗಳಿಗೆ. ಎಡಿಎಕ್ಸ್‌ಎಲ್345 ಕಾಣುವುದು 1600 ಹರ್ಟ್ಸ್ ತನಕ ಮಾತ್ರ. ಅದಕ್ಕೆ ಅಷ್ಟರಲ್ಲಿ ಐಡಿ ಫ್ಯಾನಿಗೆ 11 ಕಿಲೋಹರ್ಟ್ಸ್ ತನಕ ಕೇಳುವ ಎಡಿಎಕ್ಸ್‌ಎಲ್1002 ಹಾಕಿದ್ದೆ. ರೋಲರ್ ಗುಂಡಿಗೆ ಬಿದ್ದಾಗಲೆಲ್ಲ ಹೌಸಿಂಗ್ ಗಂಟೆ ಹೊಡೆದಂತೆ ಮೊಳಗುತ್ತದೆ. ಗಂಟೆಯ ನಾದ ನಮಗೆ ಬೇಡ, ಗಂಟೆಗೆ ಎಷ್ಟು ಸಲ ಹೊಡೆತ ಬಿತ್ತು ಅನ್ನುವುದು ಬೇಕು. ಎನ್ವಲಪ್ ಲೆಕ್ಕ ಮಾಡುವುದು ಅದನ್ನೇ. ಅಲ್ಲಿ ಹೊರ ಬಳೆಯ ಲೆಕ್ಕಕ್ಕೆ ಸರಿಯಾಗಿ ಒಂದು ಶಿಖರ, ಅದರ ಎರಡರಷ್ಟು, ಮೂರರಷ್ಟು ದೂರದಲ್ಲಿ ಇನ್ನೆರಡು. ಉಷ್ಣತೆ 58 ಡಿಗ್ರಿ, ಏನೂ ಏರಿರಲಿಲ್ಲ. ಒಟ್ಟು ಕಂಪನವೂ 2.3ರಲ್ಲೇ ಇತ್ತು. ಸ್ಕ್ರೂ ಡ್ರೈವರ್‌ಗೂ ಕೇಳಿಸಲಿಲ್ಲ. ಬಿಚ್ಚಬೇಕು ಅಂದಾಗ ಎಲ್ಲರೂ ನನ್ನ ಮುಖ ನೋಡಿದರು. ಫಿಟ್ಟರ್ ಮಾತ್ರ, "ತೊಳ್ಯೋ ದಿನ ಹೆಂಗೂ ನಿಂತಿರ್ತದೆ, ಮುಚ್ಚಳ ತೆಗ್ದು ನೋಡೋಣ" ಅಂದರು. ಗ್ರೀಸ್ ಒರೆಸಿ, ರೋಲರ್‌ಗಳನ್ನು ಓರೆ ಮಾಡಿ ಟಾರ್ಚ್ ಬಿಟ್ಟರೆ ಹೊರ ಬಳೆಯ ಕೆಳಭಾಗದಲ್ಲಿ ರಾಗಿ ಕಾಳಿನಷ್ಟು ಗುಂಡಿ. ಅಂಚು ಉಗುರಿಗೆ ತಾಗುತ್ತಿತ್ತು. ಹೊಸ ಬೇರಿಂಗ್ ಹಾಕಿದೆವು. ಯಾರ್ಡ್‌ನಲ್ಲಿ ಒಂದು ಟ್ರಾಕ್ಟರೂ ಅದಕ್ಕಾಗಿ ಹೆಚ್ಚು ಹೊತ್ತು ಕಾಯಲಿಲ್ಲ.

ತಪ್ಪಿಸಿಕೊಂಡದ್ದೂ ಇದೆ. ಅದೇ ಸೀಸನ್ ಕೊನೆಯಲ್ಲಿ ಗಾಣದ ಒಂದು ರೋಲರಿನ ಹಿತ್ತಾಳೆ ಬೇರಿಂಗ್ ಬಿಸಿಯಾಗಿ ಸವೆದುಹೋಯಿತು. ಅಲ್ಲಿಯೂ ನನ್ನ ಸೆನ್ಸರ್ ಇತ್ತು, ಏನೂ ಹೇಳಲಿಲ್ಲ. ಗಾಣದ ರೋಲರ್ ನಿಮಿಷಕ್ಕೆ ನಾಲ್ಕೈದು ಸುತ್ತು ಮಾತ್ರ. ಅಷ್ಟು ನಿಧಾನಕ್ಕೆ ಈ ಸೆನ್ಸರ್‌ನ ಕಂಪನ ಲೆಕ್ಕ ನಡೆಯುವುದಿಲ್ಲ, ಅದರಲ್ಲೂ ಅದು ಒಳಗೆ ರೋಲರಾಗಲಿ ಗುಂಡಾಗಲಿ ಇಲ್ಲದ ಸಾದಾ ಬೇರಿಂಗ್. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಅಲ್ಲಿ ನೋಡಬೇಕಾದದ್ದು ಉಷ್ಣತೆ, ತಣ್ಣೀರಿನ ಹರಿವು, ಎಣ್ಣೆ ಹೋಗುತ್ತಿದೆಯಾ ಅನ್ನುವುದು, ಡ್ರೈವ್ ಮೋಟರ್ ಎಳೆಯುವ ಕರೆಂಟು. ಕಬ್ಬು ಎಷ್ಟು ಬೀಳುತ್ತಿದೆ ಅನ್ನುವುದನ್ನೂ ಜೊತೆಗಿಡಬೇಕು, ಇಲ್ಲದಿದ್ದರೆ ವಿಎಫ್‌ಡಿಯ ಕಥೆಯೇ ಮತ್ತೆ ಆಗುತ್ತದೆ.

ಈಗ ಆಫ್ ಸೀಸನ್. ಗಾಣ ಬಿಚ್ಚಿ ಹಾಕಿದ್ದಾರೆ. ಆರು ರೋಲರ್‌ಗಳ ಬೇರಿಂಗ್‌ಗೆ ಉಷ್ಣತೆ ಸೆನ್ಸರ್ ಕೂರಿಸಲು ತೂತು ಕೊರೆಸಿದ್ದೇನೆ, ಎಣ್ಣೆ ಪೈಪಿಗೆ ಫ್ಲೋ ಸ್ವಿಚ್ ತರಿಸಿದ್ದೇನೆ. ಫಿಟ್ಟರ್‌ಗೆ ನಿವೃತ್ತಿಗೆ ಇನ್ನೊಂದು ವರ್ಷವಿದೆ. ದಿನಾ ಸಂಜೆ ಅರ್ಧ ಗಂಟೆ ಅವರ ಜೊತೆ ಕೂತು, ಗಾಣದ ಸದ್ದುಗಳಿಗೆ ಅವರಲ್ಲಿರುವ ಪದಗಳನ್ನು ಬರೆದುಕೊಳ್ಳುತ್ತಿದ್ದೇನೆ. ನಿನ್ನೆ 11ನೇದು ಬರೆದೆ: "ಒಣ ಕಬ್ಬು ಅಗ್ದಂಗೆ."